ದುಬ್ರೋವ್ನಿಕ್, ಸ್ಪ್ಲಿಟ್, ಕೋಟೊರ್: ಯಾವುದನ್ನು ನೋಡುವುದು, ಎಲ್ಲಿ ಉಳಿಯುವುದು

ಏಡ್ರಿಯಾಟಿಕ್ ಕರಾವಳಿಗೆ ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಐದಾರು ದಿನ, ತಲೆಯಲ್ಲಿ ಮೂರು ಹೆಸರು. ಕ್ರೊಯೇಷಿಯಾದ ದುಬ್ರೋವ್ನಿಕ್ ಮತ್ತು ಸ್ಪ್ಲಿಟ್, ಪಕ್ಕದ ಮಾಂಟೆನೆಗ್ರೊದ ಕೋಟೊರ್. ಮೆಡಿಟರೇನಿಯನ್ ಸಮುದ್ರ ಉತ್ತರಕ್ಕೆ ಚಾಚಿಕೊಂಡ ಕವಲಿನ ಪೂರ್ವ ದಡದಲ್ಲಿ ಈ ಮೂರೂ ಇವೆ. ಮೂರೂ 1979ರಲ್ಲೇ ಯುನೆಸ್ಕೊ ಪಟ್ಟಿ ಸೇರಿದವು. ಫೋಟೊದಲ್ಲಿ ನೋಡಿದರೆ ಯಾವುದು ಯಾವ ಊರೆಂದು ಹೇಳುವುದೇ ಕಷ್ಟ: ಕೆಂಪು ಹೆಂಚು, ಬಿಳಿ ಕಲ್ಲು, ನೀಲಿ ನೀರು. ಕಾಲಿಟ್ಟ ಮೇಲೆ ಮಾತ್ರ ಒಂದರ ಸ್ವಭಾವ ಇನ್ನೊಂದಕ್ಕಿಲ್ಲ ಎಂದು ಗೊತ್ತಾಗುತ್ತದೆ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ, ಓದುವ ಪುರುಸೊತ್ತು ಇಲ್ಲದವರಿಗೆ ಇಷ್ಟು ಸಾಕು. ಬಿಡಾರ ಸ್ಪ್ಲಿಟ್‌ನಲ್ಲಿ ಹೂಡಿ. ದುಬ್ರೋವ್ನಿಕ್‌ಗೆ ಒಂದು ರಾತ್ರಿ ಕೊಡಿ, ಆದರೆ ಆ ಒಂದು ರಾತ್ರಿಯನ್ನು ತಪ್ಪಿಸಬೇಡಿ. ಕೋಟೊರನ್ನು ನಿಮ್ಮ ವೀಸಾ ಮತ್ತು ಮಂಡಿ ಎರಡೂ ಒಪ್ಪಿದರೆ ಮಾತ್ರ ಸೇರಿಸಿಕೊಳ್ಳಿ.

ಮೊದಲು ವೀಸಾದ ಮಾತು

ಕ್ರೊಯೇಷಿಯಾ 2023ರ ಜನವರಿ 1ರಂದು ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯಕ್ಕೆ ಸೇರಿತು. ಅದೇ ದಿನ ಯೂರೋ ಕೂಡ ಬಂತು. ಅದಕ್ಕಿಂತ ಹಳೆಯ ಪ್ರವಾಸ ಬರಹಗಳಲ್ಲಿ ಅಲ್ಲಿನ ಹಳೆಯ ಹಣವಾದ ಕುನಾದ ಲೆಕ್ಕ, ಬೇರೆ ವೀಸಾ ಎಂದೆಲ್ಲ ಇದ್ದರೆ ಅದನ್ನು ಬಿಟ್ಟುಬಿಡಿ. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಕೆಲಸಕ್ಕಿರುವ ನಮ್ಮವರಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. ಪಾಸ್‌ಪೋರ್ಟ್ ಜತೆ ಅಲ್ಲಿನ ವಾಸದ ಕಾರ್ಡ್ ಇಟ್ಟುಕೊಂಡು ಶುಕ್ರವಾರ ಸಂಜೆ ವಿಮಾನ ಹತ್ತಬಹುದು. ಊರಿಂದ ಬಂದ ಅಪ್ಪ-ಅಮ್ಮನನ್ನು, ಅತ್ತೆ-ಮಾವನನ್ನು ಅವರ ಷೆಂಗೆನ್ ವೀಸಾದಲ್ಲೇ ಕರೆದುಕೊಂಡು ಹೋಗಬಹುದು. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಫ್ರಾಂಕ್‌ಫರ್ಟ್, ಮ್ಯೂನಿಕ್ ಅಥವಾ ಗಲ್ಫ್‌ನ ಯಾವುದಾದರೂ ಊರಿನಲ್ಲಿ ವಿಮಾನ ಬದಲಿಸಲೇಬೇಕು.

ಮಾಂಟೆನೆಗ್ರೊದ ಕಥೆ ಬೇರೆ. ಆ ದೇಶ ಷೆಂಗೆನ್‌ನಲ್ಲಿಲ್ಲ, ಐರೋಪ್ಯ ಒಕ್ಕೂಟದಲ್ಲೂ ಇಲ್ಲ, ಆದರೂ ಅಂಗಡಿಯಲ್ಲಿ ನಡೆಯುವುದು ಯೂರೋ. ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ದ ಭಾರತೀಯರನ್ನು ಬೇರೆ ವೀಸಾ ಕೇಳದೆ 30 ದಿನದವರೆಗೆ ಒಳಗೆ ಬಿಡುತ್ತಾರೆ. ತೊಂದರೆ ಇರುವುದು ವಾಪಸ್ ಬರುವಾಗ. ನಿಮ್ಮ ಷೆಂಗೆನ್ ವೀಸಾ ಒಂದೇ ಸಲದ ಪ್ರವೇಶಕ್ಕೆ ಕೊಟ್ಟಿದ್ದಾದರೆ, ಕ್ರೊಯೇಷಿಯಾದ ಗಡಿ ದಾಟಿ ಹೊರಗೆ ಹೋದ ಕೂಡಲೇ ಅದು ಮುಗಿಯಿತು. ದುಬ್ರೋವ್ನಿಕ್‌ನ ಗಲ್ಲಿಗಲ್ಲಿಯಲ್ಲೂ ಕೋಟೊರ್ ಒಂದು ದಿನದ ಪ್ರವಾಸ ಎಂದು ಬೋರ್ಡ್ ಹಾಕಿರುತ್ತಾರೆ. ಟಿಕೆಟ್ ಮಾರುವವರು ನಿಮ್ಮ ಪಾಸ್‌ಪೋರ್ಟ್ ಬಿಡಿಸಿ ನೋಡುವುದಿಲ್ಲ. ಗಡಿಯಲ್ಲಿರುವ ಪೊಲೀಸರು ನೋಡುತ್ತಾರೆ. ಅರ್ಜಿ ಹಾಕುವಾಗಲೇ ಹಲವು ಪ್ರವೇಶದ ವೀಸಾ ಕೇಳಿ, ಹೊರಡುವ ಮುನ್ನ ನಿಯಮ ಬದಲಾಗಿಲ್ಲ ತಾನೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ.

ದುಬ್ರೋವ್ನಿಕ್: ರಾತ್ರಿ ಉಳಿದವರಿಗೆ ಸಿಗುವ ಊರು

ಚೆಲುವಿನಲ್ಲಿ ಇದಕ್ಕೆ ಸಾಟಿ ಇಲ್ಲ, ಆ ಬಗ್ಗೆ ವಾದ ಬೇಡ. 1,940 ಮೀಟರ್ ಉದ್ದದ ಕೋಟೆಗೋಡೆ ಇಡೀ ಹಳೆಯ ಊರನ್ನು ಎಲ್ಲೂ ತುಂಡಾಗದೆ ಸುತ್ತುವರಿದಿದೆ. ಕೆಲವೆಡೆ ಅದರ ಎತ್ತರ 25 ಮೀಟರ್. ನೆಲದ ಕಡೆಯ ಗೋಡೆ ದಪ್ಪ, ಸಮುದ್ರದ ಕಡೆಯದು ಅಷ್ಟಿಲ್ಲ. ಕಟ್ಟಿದವರಿಗೆ ಯಾವ ಕಡೆಯ ಭಯ ಹೆಚ್ಚಿತ್ತೆಂದು ಇದರಲ್ಲೇ ಗೊತ್ತಾಗುತ್ತದೆ.

ಆದರೆ ಇಲ್ಲಿ ಗೋಡೆಗಿಂತ ಹೆಚ್ಚು ಕೆಲಸ ಮಾಡಿದ್ದು ತಲೆ. ರಗೂಸಾ ಎಂಬ ಹೆಸರಿನಲ್ಲಿ ಶತಮಾನಗಳ ಕಾಲ ನಡೆದ ಈ ಪುಟ್ಟ ಗಣರಾಜ್ಯ ಆಟೊಮನ್ ಸುಲ್ತಾನರಿಗೆ ಕಪ್ಪ ಕೊಡುತ್ತ, ಕ್ರೈಸ್ತ ದೊರೆಗಳ ಜತೆ ವ್ಯಾಪಾರ ಮಾಡುತ್ತ, ಎರಡೂ ಕಡೆಯಿಂದ ಲಾಭ ಪಡೆಯುತ್ತ ಬದುಕಿತು. 1377ರಲ್ಲಿ, ಪ್ಲೇಗ್ ಇರುವ ಊರಿಂದ ಬಂದವರು 30 ದಿನ ಹೊರಗೇ ಇರಬೇಕು ಎಂದು ಕಾನೂನು ಮಾಡಿತು. ಕ್ವಾರಂಟೈನ್‌ನ ಅತಿ ಹಳೆಯ ಕಾನೂನುಗಳಲ್ಲಿ ಇದೂ ಒಂದು. 1416ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. 1699ರ ಸುಮಾರಿಗೆ, ವೆನಿಸ್ ಜತೆ ಗಡಿ ತಾಗುವುದೇ ಬೇಡವೆಂದು ನಡುವಿನ ಒಂದು ತುಂಡು ಕರಾವಳಿಯನ್ನು ಆಟೊಮನ್ನರಿಗೆ ಬಿಟ್ಟುಕೊಟ್ಟಿತು. ಆ ತುಂಡೇ ಇವತ್ತು ಬೊಸ್ನಿಯಾಕ್ಕೆ ಸಮುದ್ರದ ದಾರಿಯಾಗಿರುವ ನೇಉಮ್. ಇದರಿಂದಾಗಿ ಸ್ಪ್ಲಿಟ್‌ನಿಂದ ದುಬ್ರೋವ್ನಿಕ್‌ಗೆ ರಸ್ತೆಯಲ್ಲಿ ಹೋಗುವವರು 2022ರ ಜುಲೈವರೆಗೂ ಎರಡು ಸಲ ಗಡಿ ದಾಟಬೇಕಿತ್ತು. ಆ ತಿಂಗಳು ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಕ್ರೊಯೇಷಿಯಾ ಬಿಡದೆಯೇ ಹೋಗಬಹುದು. ಮೂರು ಶತಮಾನದ ಹಿಂದಿನ ಜಾಣತನದಿಂದ ಬಂದ ತೊಡಕನ್ನು ಕಳೆಯಲು 2.4 ಕಿಲೋಮೀಟರ್ ಸೇತುವೆ ಬೇಕಾಯಿತು.

ಗೋವಾಕ್ಕೆ ಹೋಗಿಬಂದವರಿಗೆ ಇನ್ನೊಂದು ಎಳೆ ಇದೆ. ದುಬ್ರೋವ್ನಿಕ್‌ನ ಊರ ಸಂತ ಬ್ಲೇಸ್. ಹಳೆಯ ಗೋವಾ ಬಳಿಯ ಗಾಂದೌಲಿಮ್‌ನಲ್ಲಿ ಸಾವೊ ಬ್ರಾಸ್ ಚರ್ಚ್ ಇದೆಯಲ್ಲ, ಅದು ಅದೇ ಸಂತನದು. ಹದಿನಾರನೆಯ ಶತಮಾನದಲ್ಲಿ ಆ ಕಡೆ ಬಂದಿದ್ದ ರಗೂಸಾ ವರ್ತಕರ ಜತೆ ಅದರ ಹೆಸರು ತಳಕು ಹಾಕಿಕೊಂಡಿದೆ.

ಗೋಡೆಯ ಮೇಲೆ ನಡೆಯುವಾಗ ಸಮುದ್ರದ ಕಡೆಯೇ ನೋಡುತ್ತ ಹೋಗಬೇಡಿ, ಒಳಗಿನ ಹೆಂಚುಗಳನ್ನು ನೋಡಿ. ಕೆಲವು ಹೆಂಚು ಮಾಸಿ, ಹಳದಿ-ಕಂದು ಬಣ್ಣಕ್ಕೆ ತಿರುಗಿವೆ. ಬಹುಪಾಲು ಹೆಂಚು ಒಂದೇ ಸಮನೆ ಹೊಳೆಯುವ ಕಿತ್ತಳೆ. ಹೊಳೆಯುವಷ್ಟೂ, ಯುಗೊಸ್ಲಾವಿಯಾ ಒಡೆಯುವಾಗ ಅದರ ಸೇನೆ ಹಾಕಿದ 1991-92ರ ಮುತ್ತಿಗೆಯ ನಂತರ ಹೊದಿಸಿದ್ದು. ಹಳೆಯ ಊರಿನ 824 ಕಟ್ಟಡಗಳಲ್ಲಿ ಶೇ 68ರಷ್ಟಕ್ಕೆ ಷೆಲ್ ಬಿದ್ದಿತ್ತು. ಅದರಲ್ಲೂ 1991ರ ಡಿಸೆಂಬರ್ 6 ಅತ್ಯಂತ ಕೆಟ್ಟ ದಿನ. ಇದು ತಿಳಿದ ಮೇಲೆ ಅದೇ ನೋಟದ ಫೋಟೊ ತೆಗೆಯುವ ಕೈ ಸ್ವಲ್ಪ ನಿಧಾನವಾಗುತ್ತದೆ.

ಈಗ ತೊಂದರೆಗಳು. ಗೋಡೆಯ ಟಿಕೆಟ್ 35 ಯೂರೋ ದಾಟಿದೆ. ವಸ್ತುಸಂಗ್ರಹಾಲಯಗಳೂ ನಗರದ ಬಸ್ಸೂ ಸೇರಿರುವ ದುಬ್ರೋವ್ನಿಕ್ ಪಾಸ್ ಕೂಡ ಹೆಚ್ಚುಕಡಿಮೆ ಅದೇ ಬೆಲೆಗೆ ಸಿಗುವುದರಿಂದ ಬರೀ ಗೋಡೆಯ ಟಿಕೆಟ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಗೋಡೆಯ ಮೇಲೆ ನೆರಳೇ ಇಲ್ಲ, ಒಂದೇ ದಿಕ್ಕಿನಲ್ಲಿ ನಡೆಯಬೇಕು, ಜುಲೈ ಮಧ್ಯಾಹ್ನ ಹೋದರೆ ಕಾದ ಕಾವಲಿಯ ಮೇಲೆ ನಿಂತಂತೆ. ಪ್ರವಾಸಿ ಹಡಗುಗಳಿಗೆ ಮಿತಿ ಹಾಕಿದ್ದಾರೆ, ಆದರೂ ಬೇಸಿಗೆಯ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೈದರವರೆಗೆ ಹಳೆಯ ಊರಿನ ಮುಖ್ಯ ಬೀದಿಯಾದ ಸ್ಟ್ರಾಡೂನ್‌ನಲ್ಲಿ ಭುಜಕ್ಕೆ ಭುಜ. ಗೋಡೆಯೊಳಗೆ ಮನೆ ಮಾಡಿಕೊಂಡಿರುವವರು ಈಗ ಎರಡು ಸಾವಿರವೂ ಇಲ್ಲ. ಸಂಜೆ ಹಡಗಿನ ಜನ ಹೊರಟ ಮೇಲೆ ಅದು ಎದ್ದು ಕಾಣುತ್ತದೆ.

ಒಂದು ರಾತ್ರಿ ಉಳಿಯಿರಿ ಎಂದದ್ದು ಅದಕ್ಕೇ. ಸವೆದು ಸವೆದು ಗಾಜಿನಂತಾದ ಸ್ಟ್ರಾಡೂನ್‌ನ ಸುಣ್ಣಕಲ್ಲಿನ ಮೇಲೆ ದೀಪದ ಬೆಳಕು ಬಿದ್ದು ಬೀದಿ ಒದ್ದೆಯಾದಂತೆ ಕಾಣುವ ಹೊತ್ತು, ಮತ್ತು ಮಾರನೆಯ ಬೆಳಿಗ್ಗೆ ಗೋಡೆಯ ಬಾಗಿಲು ತೆರೆಯುವ ಮೊದಲ ಗಂಟೆ, ಇವೆರಡು ದಿನದ ಪ್ರವಾಸಿಗೆ ಸಿಗುವುದಿಲ್ಲ. ಬೆಲೆ ನೋಡಿ ಹೆದರಿ ಗೋಡೆಯ ಹೊರಗಿನ ಲಪಾದ್ ಬಡಾವಣೆ ಕಡೆ ಉಳಿದರೂ ಪರವಾಗಿಲ್ಲ, ಹಳೆಯ ಊರಿಗೆ ಬಸ್ಸು ಸಿಗುತ್ತದೆ. ಗೋಡೆಯೊಳಗೇ ಕೋಣೆ ಬೇಕೆನ್ನುವವರು ಬುಕ್ ಮಾಡುವ ಮುನ್ನ ಎಷ್ಟು ಮೆಟ್ಟಿಲು ಎಂದು ಕೇಳಿ. ಸ್ಟ್ರಾಡೂನ್‌ನಿಂದ ಉತ್ತರಕ್ಕೆ ಹೋಗುವ ಒಂದೊಂದು ಓಣಿಯೂ ನಿಜದಲ್ಲಿ ಒಂದು ಏಣಿ. ಕಾರಿಗೆ ಒಳಗೆ ಪ್ರವೇಶವಿಲ್ಲ, ಸೂಟ್‌ಕೇಸ್ ಹೊರುವವರು ನೀವೇ.

ಎರಡನೆಯ ದಿನಕ್ಕೂ ಉಳಿಯುವುದಾದರೆ ದೋಣಿಯಲ್ಲಿ ಲೋಕ್ರೂಮ್ ದ್ವೀಪಕ್ಕೆ ಹೋಗಿ. ಕೇಬಲ್ ಕಾರಿನಲ್ಲಿ ಸರ್ಜ್ ಗುಡ್ಡದ ತುದಿಗೂ ಹೋಗಬಹುದು. ಮೂರನೆಯ ದಿನಕ್ಕೆ ಏನು ಮಾಡುವುದೆಂದು ನನಗಂತೂ ಹೊಳೆಯುವುದಿಲ್ಲ.

ಸ್ಪ್ಲಿಟ್: ಅರಮನೆಯೊಳಗೆ ಬಟ್ಟೆ ಒಣಗುವ ಊರು

ಸ್ಪ್ಲಿಟ್‌ಗೆ ಮೊದಲ ನೋಟದಲ್ಲಿ ಮನಸೋಲುವವರು ಕಡಿಮೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ಫೆರಿ ಬಂದರು ಮೂರೂ ಒಂದೇ ಕಡೆ ಒತ್ತಿಕೊಂಡಿವೆ. ಹಿಂದೆ ಯುಗೊಸ್ಲಾವಿಯಾ ಕಾಲದ ಕಾಂಕ್ರೀಟ್ ಅಪಾರ್ಟ್‌ಮೆಂಟುಗಳು. ಇದು ಕ್ರೊಯೇಷಿಯಾದ ಎರಡನೆಯ ದೊಡ್ಡ ನಗರ, ನಗರದ ಗಲಾಟೆ ಇದ್ದೇ ಇರುತ್ತದೆ. ಅದನ್ನು ದಾಟಿ ಐದು ನಿಮಿಷ ನಡೆದರೆ ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಮನೆಯೊಳಗಿರುತ್ತೀರಿ.

ಅವನು 305ರಲ್ಲಿ ತಾನಾಗಿಯೇ ಸಿಂಹಾಸನ ಬಿಟ್ಟು, ಹುಟ್ಟಿದ ಸೀಮೆಗೆ ಬಂದು, ಸಮುದ್ರದಂಚಿನಲ್ಲಿ ತನಗಾಗಿಯೇ ಕಟ್ಟಿಸಿದ್ದ ಈ ಅರಮನೆಯಲ್ಲಿ ನಿವೃತ್ತ ಜೀವನ ನಡೆಸಿದ. ಮತ್ತೆ ಅಧಿಕಾರಕ್ಕೆ ಬಾ ಎಂದು ಕರೆದಾಗ, ನಾನು ಕೈಯಾರೆ ಬೆಳೆದ ತರಕಾರಿ ನೋಡಿದ್ದರೆ ನೀವು ಈ ಮಾತು ಆಡುತ್ತಿರಲಿಲ್ಲ ಎಂದನಂತೆ. ಏಳನೆಯ ಶತಮಾನದಲ್ಲಿ ಪಕ್ಕದ ಸಲೋನಾ ನಗರ ಅವಾರ್ ಮತ್ತು ಸ್ಲಾವ್ ದಾಳಿಗೆ ಹಾಳಾದಾಗ ಅಲ್ಲಿನ ಜನ ಈ ಖಾಲಿ ಅರಮನೆಗೆ ನುಗ್ಗಿ ಮನೆ ಮಾಡಿಕೊಂಡರು. ಮತ್ತೆ ಹೊರಗೆ ಹೋಗಲೇ ಇಲ್ಲ. ಇವತ್ತಿಗೂ ರೋಮನ್ ಕಮಾನಿನ ನಡುವೆ ಇಟ್ಟಿಗೆ ತುಂಬಿ ಕಿಟಕಿ ಇಟ್ಟಿದ್ದಾರೆ, ಕಿಟಕಿಗೆ ಹಗ್ಗ ಕಟ್ಟಿ ಅಂಗಿ ಒಣಹಾಕಿದ್ದಾರೆ. ಅರಮನೆಗೆ ಟಿಕೆಟ್ ಇಲ್ಲ, ಬಾಗಿಲು ಮುಚ್ಚುವ ಹೊತ್ತೂ ಇಲ್ಲ. ಟಿಕೆಟ್ ಇರುವುದು ಕ್ಯಾಥೆಡ್ರಲ್, ಗಂಟೆಗೋಪುರ, ನೆಲಮಾಳಿಗೆಯಂಥವಕ್ಕೆ ಮಾತ್ರ.

ಕ್ಯಾಥೆಡ್ರಲ್ ಎಂಬ ಈ ಎಂಟು ಮೂಲೆಯ ಕಟ್ಟಡ ಮೂಲದಲ್ಲಿ ಡಯೊಕ್ಲೀಷಿಯನ್‌ನ ಸಮಾಧಿ. ಕ್ರೈಸ್ತರನ್ನು ಹುಡುಕಿ ಹುಡುಕಿ ಕೊಲ್ಲಿಸಿದ ದೊರೆ ಅವನು. ಸಲೋನಾದ ಬಿಷಪ್ ಡೊಮ್ನಿಯಸ್ ಸತ್ತದ್ದೂ ಅವನ ಕಾಲದ ಹಿಂಸೆಯಲ್ಲೇ. ಈಗ ಆ ಕಟ್ಟಡ ಸಂತ ಡೊಮ್ನಿಯಸ್‌ನ ಹೆಸರಿನ ಚರ್ಚ್. ಚಕ್ರವರ್ತಿಯ ಶವಪೆಟ್ಟಿಗೆ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಹೊರಗೆ ಅಂಗಳದಲ್ಲಿ ಈಜಿಪ್ಟಿನಿಂದ ಹೊತ್ತು ತಂದ ಕಪ್ಪುಕಲ್ಲಿನ ಸ್ಫಿಂಕ್ಸ್ ಕೂತಿದೆ. ಡಯೊಕ್ಲೀಷಿಯನ್ ಕಾಲಕ್ಕೇ ಅದಕ್ಕೆ ಸಾವಿರದ ಏಳುನೂರು ವರ್ಷದ ಆಸುಪಾಸು ವಯಸ್ಸಾಗಿತ್ತು.

ಸ್ಪ್ಲಿಟ್‌ನಲ್ಲಿ ಒಂದನ್ನೇ ದುಡ್ಡು ಕೊಟ್ಟು ನೋಡುವುದಾದರೆ ನೆಲಮಾಳಿಗೆ ನೋಡಿ. ಮೇಲಿದ್ದ ಚಕ್ರವರ್ತಿಯ ಕೋಣೆಗಳು ಯಾವತ್ತೋ ಹೋದವು. ಕೆಳಗಿನ ಕೋಣೆಗಳನ್ನು ಮೇಲಿನವುಗಳ ಅಳತೆಗೆ ಸರಿಯಾಗಿ ಕಟ್ಟಿದ್ದರಿಂದ, ಇಲ್ಲಿ ನಿಂತರೆ ಅವನ ಪಡಸಾಲೆ ಎಷ್ಟಿತ್ತು, ಊಟದ ಮನೆ ಎಲ್ಲಿತ್ತು ಎಂದು ಊಹಿಸಬಹುದು. ಇವು ಉಳಿದದ್ದಕ್ಕೆ ಕಾರಣ ಕಸ. ಮೇಲೆ ಮನೆ ಮಾಡಿಕೊಂಡವರು ಶತಮಾನಗಟ್ಟಲೆ ನೆಲದ ತೂತಿನಿಂದ ಮುಸುರೆ, ಮಣ್ಣು, ಹೊಲಸು ಎಲ್ಲವನ್ನೂ ಕೆಳಗೆ ಸುರಿದರು. ಮಾಳಿಗೆ ತುಂಬಿ ಗಟ್ಟಿಯಾಗಿ ಕಮಾನುಗಳಿಗೆ ಆಸರೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅಗೆದು ತೆಗೆದರು. ಪಶ್ಚಿಮದ ಕಡೆಯ ಕೋಣೆಗಳಲ್ಲಿ ಸುತ್ತಾಡುವಾಗ ತಲೆ ಎತ್ತಿದರೆ ಆ ತೂತುಗಳು ಅಲ್ಲಲ್ಲಿ ಈಗಲೂ ಕಾಣುತ್ತವೆ.

ಉಳಿಯಲು ಈ ಊರೇ ಸರಿ ಎನ್ನುವುದಕ್ಕೆ ಕಾರಣ ಅರಮನೆಯಷ್ಟೇ ಅಲ್ಲ, ಸುತ್ತಮುತ್ತ ಇರುವುದು. ಬ್ರಾಚ್ ದ್ವೀಪಕ್ಕೆ ಫೆರಿಯಲ್ಲಿ ಒಂದು ಗಂಟೆಯೂ ಬೇಡ, ಹ್ವಾರ್‌ಗೆ ವೇಗದ ದೋಣಿಯಲ್ಲಿ ಒಂದು ಗಂಟೆಯ ಚಿಲ್ಲರೆ. ದ್ವೀಪದ ಮೇಲೇ ಕೂತಿರುವ ತ್ರೊಗಿರ್ ಎಂಬ ಇನ್ನೊಂದು ಯುನೆಸ್ಕೊ ಊರು ಸಿಟಿ ಬಸ್ಸಿನ ದೂರದಲ್ಲಿದೆ. ಸಲೋನಾದ ಅವಶೇಷ ಇನ್ನೂ ಹತ್ತಿರ. ಬಂಡೆಯ ತುದಿಯಲ್ಲಿ ಕ್ಲಿಸ್ ಕೋಟೆ ಇದೆ. ಕ್ರ್ಕಾ ಜಲಪಾತಕ್ಕೂ ಇಲ್ಲಿಂದಲೇ ಹೋಗುತ್ತಾರೆ. ಆದರೆ ಅಲ್ಲಿನ ಸ್ಕ್ರಾದಿನ್‌ಸ್ಕಿ ಬುಕ್ ಜಲಪಾತದ ಕೆಳಗೆ ಈಜುವುದನ್ನು 2021ರಿಂದ ನಿಲ್ಲಿಸಿದ್ದಾರೆ. ಹಳೆಯ ವಿಡಿಯೊ ನೋಡಿ ಈಜುಡುಗೆ ಹೊತ್ತುಕೊಂಡು ಹೋಗಬೇಡಿ. ಇವೆಲ್ಲಕ್ಕೂ ಬೆಳಿಗ್ಗೆ ಹೋಗಿ ರಾತ್ರಿ ಅದೇ ಮಂಚಕ್ಕೆ ಮರಳಬಹುದು. ಮಕ್ಕಳು, ವಯಸ್ಸಾದವರು ಜತೆಗಿದ್ದರೆ ದಿನವೂ ಗಂಟುಮೂಟೆ ಕಟ್ಟದೆ ಇರುವುದೇ ಅರ್ಧ ಸುಖ.

ಮಂಡಿ ನೋವಿನವರಿಗೂ ಮೂರರಲ್ಲಿ ಸ್ಪ್ಲಿಟ್ ವಾಸಿ. ಅರಮನೆಯ ಒಳಗೆ ಹೆಚ್ಚುಕಡಿಮೆ ಸಪಾಟು, ರೀವಾ ಎಂಬ ಸಮುದ್ರದಂಚಿನ ದಾರಿಯಂತೂ ಪೂರ್ತಿ ಸಪಾಟು. ನಡೆಯಬಲ್ಲವರು ಮರ್ಯಾನ್ ಗುಡ್ಡ ಹತ್ತಲಿ, 178 ಮೀಟರ್ ಅಷ್ಟೆ. ಬಾಚ್ವಿತ್ಸೆ ಕಡಲತೀರದಲ್ಲಿ ಹೊಟ್ಟೆ ಬಂದ ಗಂಡಸರು ಮೊಣಕಾಲುದ್ದ ನೀರಿನಲ್ಲಿ ಹಾರಿ ಹಾರಿ ಬಿದ್ದು ಪುಟ್ಟ ಚೆಂಡನ್ನು ನೀರಿಗೆ ತಾಗದಂತೆ ತಟ್ಟುವ ಪಿತ್ಸಿಗಿನ್ ಆಟ ನೋಡುತ್ತ ಕೂರುವುದೂ ಒಂದು ಕಾರ್ಯಕ್ರಮವೇ. ಗೆಲುವು-ಸೋಲಿನ ಲೆಕ್ಕ ಅದರಲ್ಲಿಲ್ಲ.

ಕೋಟೊರ್: ಬೆಟ್ಟ ಹತ್ತುವವರಿಗೆ

ಕೋಟೊರ್ ಸಮುದ್ರಕ್ಕೆ ನೇರವಾಗಿ ಮುಖ ಮಾಡಿಲ್ಲ. ಕೊಲ್ಲಿಯೊಂದು ಬೆಟ್ಟಗಳ ನಡುವೆ ತಿರುಗಿ ತಿರುಗಿ ಒಳಗೆ ಬಂದು ನಿಂತ ಕೊನೆಯ ಮೂಲೆಯಲ್ಲಿ ಊರಿದೆ. 1420ರಿಂದ 1797ರವರೆಗೆ ವೆನಿಸ್ ಆಳಿದ್ದರ ಗುರುತು ಎಲ್ಲೆಲ್ಲೂ ಇದೆ. ಸಂತ ಟ್ರಿಫನ್ ಕ್ಯಾಥೆಡ್ರಲ್ 1166ರದು. ಊರು ಚಿಕ್ಕದು, ನಿಧಾನವಾಗಿ ನಡೆದರೂ ಅರ್ಧ ದಿನದಲ್ಲಿ ಮುಗಿಯುತ್ತದೆ. ಬೆಕ್ಕುಗಳು ಲೆಕ್ಕವಿಲ್ಲದಷ್ಟು, ಅವುಗಳ ಹೆಸರಿನಲ್ಲಿ ಒಂದು ವಸ್ತುಸಂಗ್ರಹಾಲಯವೂ ಇದೆ.

ಇಲ್ಲಿಗೆ ಬರುವುದು ಊರಿನ ಹಿಂದಿನ ಗೋಡೆಗಾಗಿ. ಸುಮಾರು 1,350 ಮೆಟ್ಟಿಲು ಹತ್ತಿದರೆ ಸಂತ ಜಾನ್ ಕೋಟೆ. ಕಲ್ಲು ಸವೆದಿದೆ, ಕೆಲವೆಡೆ ಕಿತ್ತಿದೆ, ಹಿಡಿದುಕೊಳ್ಳಲು ಕಂಬಿ ಎಲ್ಲ ಕಡೆ ಇಲ್ಲ. ನಡುವೆ 1518ರ ಪುಟ್ಟ ಚರ್ಚ್ ಸಿಗುತ್ತದೆ. ಅಲ್ಲಿಗೇ ನಿಂತು ವಾಪಸಾದರೂ ನೋಟದಲ್ಲಿ ನಷ್ಟವಿಲ್ಲ. ಟಿಕೆಟ್ ದುಬ್ರೋವ್ನಿಕ್‌ನ ಗೋಡೆಯ ಅರ್ಧದಷ್ಟೂ ಇಲ್ಲ. ಹತ್ತಲಾಗದ ಹಿರಿಯರಿಗೆ 2023ರಲ್ಲಿ ಶುರುವಾದ ಲೊವ್ಚೆನ್ ಕೇಬಲ್ ಕಾರ್ ಇದೆ, ಹತ್ತು-ಹನ್ನೊಂದು ನಿಮಿಷದಲ್ಲಿ 1,300 ಮೀಟರಿಗೂ ಮೇಲೆ. ಮೋಡವಿದ್ದರೆ ದುಡ್ಡು ದಂಡ.

ಕೋಟೊರಿಗಿಂತ ನನಗೆ ಹೆಚ್ಚು ಹಿಡಿಸುವುದು ಅದರ ನೆರೆಯ ಪೆರಾಸ್ತ್. ಅದರೆದುರು ನೀರಿನ ನಡುವೆ ಜನರೇ ಕಲ್ಲು ಹಾಕಿ ಹಾಕಿ ಮಾಡಿದ ದ್ವೀಪವಿದೆ. 1452ರ ಜುಲೈ 22ರಂದು ಅಲ್ಲಿನ ಬಂಡೆಯ ಮೇಲೆ ಮೇರಿಮಾತೆಯ ಚಿತ್ರ ಸಿಕ್ಕಿತೆಂದು ನಂಬಿಕೆ. ಅಂದಿನಿಂದ ನಾವಿಕರು ಪ್ರತಿ ಯಾನ ಮುಗಿಸಿ ಬಂದಾಗ ಒಂದು ಕಲ್ಲು ಹಾಕುತ್ತ ಬಂದರು. ಈಗಲೂ ಪ್ರತಿ ವರ್ಷ ಅದೇ ದಿನ ಸಂಜೆ ದೋಣಿಗಳನ್ನು ಸಾಲಾಗಿ ಕಟ್ಟಿ ಹೋಗಿ ಕಲ್ಲು ಸುರಿಯುತ್ತಾರೆ. ಒಳಗಿನ ಚರ್ಚಿನಲ್ಲಿ ಪೆರಾಸ್ತ್‌ನ ಹೆಣ್ಣುಮಗಳೊಬ್ಬಳು ಸಮುದ್ರಕ್ಕೆ ಹೋದವನ ದಾರಿ ಕಾಯುತ್ತ 25 ವರ್ಷ ಹೊಲಿದ ಕಸೂತಿ ಇದೆ. ಚಿನ್ನ-ಬೆಳ್ಳಿಯ ಎಳೆಯ ಜತೆ ತನ್ನ ಕೂದಲನ್ನೇ ದಾರ ಮಾಡಿಕೊಂಡಿದ್ದಾಳೆ. ಹತ್ತಿರ ಹೋಗಿ ನೋಡಿ, ದೇವತೆಗಳ ಕೂದಲು ಒಂದು ಕಡೆ ಕಂದು, ಇನ್ನೊಂದು ಕಡೆ ನರೆ.

ಊಟ, ಕಾಲ, ದಾರಿ

ಸಸ್ಯಾಹಾರಿಗಳು ಮೂರೂ ಕಡೆ ಬದುಕಬಹುದು, ವೈವಿಧ್ಯ ಕೇಳಬಾರದು ಅಷ್ಟೆ. ಪಿಜ್ಜಾ, ಪಾಸ್ತಾ ಎಲ್ಲೆಡೆ ಸಿಗುತ್ತದೆ. ಸೊಪ್ಪು-ಆಲೂಗಡ್ಡೆಯನ್ನು ಬೆಳ್ಳುಳ್ಳಿ, ಆಲಿವ್ ಎಣ್ಣೆಯಲ್ಲಿ ಕಲಸಿದ ಬ್ಲಿತ್ವಾ ನಮ್ಮ ನಾಲಿಗೆಗೆ ಹೊಂದುತ್ತದೆ. ಸ್ಪ್ಲಿಟ್‌ನ ಪೂರ್ವ ಬಾಗಿಲಿನ ಹೊರಗಿನ ಪಜಾರ್ ಸಂತೆಯ ಕಡೆ ಸೊಪಾರ್ನಿಕ್ ಹುಡುಕಿ. ತೆಳ್ಳಗೆ ಲಟ್ಟಿಸಿದ ಎರಡು ಪದರದ ನಡುವೆ ಸೊಪ್ಪು, ಈರುಳ್ಳಿ ಹರವಿ ಒಲೆಯ ಕೆಂಡ-ಬೂದಿಯಡಿ ಬೇಯಿಸಿದ್ದು, ಮೊಟ್ಟೆ-ಮಾಂಸದ ಸೋಂಕಿಲ್ಲ. ಕಪ್ಪು ರಿಸೊಟ್ಟೊ ಮಾತ್ರ ಬೇಡ, ಆ ಕಪ್ಪು ಬಣ್ಣ ಸಮುದ್ರಜೀವಿಯ ಮಸಿ. ಬಿಳಿ ರಿಸೊಟ್ಟೊಗೂ ಮೀನಿನ ಸಾರು ಹಾಕಿರಬಹುದು, ಕೇಳಿಯೇ ತಿನ್ನಿ. ಮೀನು ತಿನ್ನುವ ಕರಾವಳಿಯವರಿಗೆ ತೊಂದರೆ ಏನಿಲ್ಲ, ಆದರೆ ಮಸಾಲೆ ಎಂದರೆ ಅಲ್ಲಿ ಉಪ್ಪು, ಎಣ್ಣೆ, ನಿಂಬೆಹಣ್ಣು.

ತೀರಗಳಲ್ಲಿ ಬಹುಪಾಲು ಮರಳಿಲ್ಲ, ಉರುಟು ಕಲ್ಲು. ನೀರಿಗೆ ಇಳಿಯಲು ರಬ್ಬರ್ ಚಪ್ಪಲಿ ಬೇಕು. ಬಾಚ್ವಿತ್ಸೆಯಲ್ಲಿ ಮರಳಿದೆ.

ಹೋಗುವುದಾದರೆ ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್. ಸೆಪ್ಟೆಂಬರ್‌ನಲ್ಲಿ ಸಮುದ್ರ ಇನ್ನೂ ಬೆಚ್ಚಗಿರುತ್ತದೆ, ಹಾಗಾಗಿ ಈಜುವವರಿಗೆ ಅದೇ ಮೇಲು. ನವೆಂಬರ್ ನಂತರ ಕೋಟೊರ್ ಬೇಡ. ಆ ಕೊಲ್ಲಿಯ ಮೇಲಿನ ಬೆಟ್ಟದಲ್ಲಿರುವ ತ್ಸ್ರ್ಕ್ವಿತ್ಸೆ ಯುರೋಪಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗವೆಂದು ಹೆಸರಾದದ್ದು, ಅಲ್ಲಿ ಮಳೆಗಾಲ ಎಂದರೆ ಚಳಿಗಾಲ. ಚಳಿಗಾಲದಲ್ಲೇ ಹೋಗಬೇಕಾದವರಿಗೆ ಸ್ಪ್ಲಿಟ್ ಒಂದೇ ದಾರಿ. ಅದು ಪ್ರವಾಸಿಗರಿಲ್ಲದಿದ್ದರೂ ಅಂಗಡಿ ತೆರೆಯುವ ಊರು. ದುಬ್ರೋವ್ನಿಕ್‌ನಲ್ಲಿ ಹೋಟೆಲುಗಳು ಬಹಳಷ್ಟು ಮುಚ್ಚಿದ್ದರೂ ಫೆಬ್ರುವರಿ 3ರ ಸಂತ ಬ್ಲೇಸ್ ಹಬ್ಬದ ದಿನ ಊರು ತನ್ನ ಜನರ ಕೈಗೆ ಮರಳಿ ಬರುತ್ತದೆ. ಆ ಹೊತ್ತಿಗೆ ಯುರೋಪಿನಲ್ಲೇ ಇದ್ದರೆ ಹೋಗಬಹುದು.

ಸ್ಪ್ಲಿಟ್‌ಗೆ ರಾಜಧಾನಿ ಜಾಗ್ರೆಬ್‌ನಿಂದ ರೈಲಿದೆ, ದುಬ್ರೋವ್ನಿಕ್‌ಗೆ ರೈಲೇ ಇಲ್ಲ. ಎರಡರ ನಡುವೆ ಬಸ್ಸಿನಲ್ಲಿ ನಾಲ್ಕು, ನಾಲ್ಕೂವರೆ ಗಂಟೆ, ಬೇಸಿಗೆಯಲ್ಲಿ ದೋಣಿಯೂ ಉಂಟು. ಸೇತುವೆ ಬಂದ ಮೇಲೂ ಕೆಲವು ಬಸ್ಸು ನೇಉಮ್ ಮೂಲಕವೇ ಹೋಗುತ್ತವೆ. ಒಂದೇ ಪ್ರವೇಶದ ವೀಸಾದವರು ಟಿಕೆಟ್ ಕೊಳ್ಳುವಾಗ ಯಾವ ದಾರಿ ಎಂದು ಕೇಳಲೇಬೇಕು. ದುಬ್ರೋವ್ನಿಕ್‌ನಿಂದ ಕೋಟೊರಿಗೆ 90 ಕಿಲೋಮೀಟರ್ ಆಸುಪಾಸು. ಗಡಿಯಲ್ಲಿ ಸಾಲಿಲ್ಲದಿದ್ದರೆ ಎರಡು ಗಂಟೆ, ಆಗಸ್ಟ್ ಶನಿವಾರವಾದರೆ ಲೆಕ್ಕ ಹಾಕಬೇಡಿ. ಬಸ್ಸಿನ ಕೆಳಗೆ ಇಡುವ ಬ್ಯಾಗಿಗೆ ಬೇರೆ ದುಡ್ಡು ಕೇಳುತ್ತಾರೆ, ಚಿಲ್ಲರೆ ಯೂರೋ ಜೇಬಿನಲ್ಲಿರಲಿ. ಸ್ಪ್ಲಿಟ್‌ನಿಂದ ದಕ್ಷಿಣಕ್ಕೆ ಹೋಗುವಾಗ ಬಲಗಡೆ ಕಿಟಕಿಯ ಸೀಟು ಹಿಡಿಯಿರಿ, ಸಮುದ್ರ ಆ ಕಡೆಗೇ ಇರುತ್ತದೆ.